ಮಾಣಿಕಪ್ಪನ ಎಡಗೈ

ಶಹಾಬಾದಿನ ಕಲ್ಲುಗಣಿ ಧಣಿ ಕಲ್ಯಾಣಪ್ಪನಿಗೆ ಎರಡು ಚಟ. ದಿನಾ ಮುಂಜಾನೆ ಹಳೆಯ ಕಾರಿನಲ್ಲಿ ಭಂಕೂರ ಗಣಿಗೆ ಹೋಗುವುದು, ಮತ್ತು ಎದುರು ಸಿಕ್ಕ ಆಳಿಗೆ ಬಾರಿಸುವುದು. ನಿಜಾಮನ ರಾಜ್ಯ ಹೋಗಿ ನಾಲ್ಕು ವರ್ಷವಾಗಿತ್ತು. ಇವನ ಕೈಯ ಬೆತ್ತ ಮಾತ್ರ ಹೋಗಿರಲಿಲ್ಲ.

ಆ ಕಾರಿನ ಜೀವ ಉಳಿಸಿದವನು ಡ್ರೈವರ್ ಮಾಣಿಕಪ್ಪ, ಕಾಗಿಣಾ ಹೊಳೆ ದಂಡೆಯ ಮನೆತನದವನು. ರೇಡಿಯೇಟರ್ ಸೋರಿದರೆ ಜೋಳದ ಹಿಟ್ಟು ಹಾಕುವನು, ಪೆಟ್ರೋಲ್ ಟಾಕಿ ತೊಟ್ಟಿಕ್ಕಿದರೆ ಸಾಬೂನು ಮೆತ್ತುವನು. ಸೆಲ್ಫ್ ಕೆಟ್ಟು ವರ್ಷವಾಗಿದ್ದರಿಂದ ಮುಂದೆ ನಿಂತು ಹ್ಯಾಂಡಲ್ ತಿರುವಿಯೇ ಚಾಲೂ ಮಾಡಬೇಕು. ಅದಕ್ಕೂ ಮೊದಲು ಸ್ಟೇರಿಂಗಿನ ಕೆಳಗಿನ ಸಣ್ಣ ಕಡ್ಡಿಯನ್ನು ಮೇಲೆತ್ತಬೇಕು, ಚಾಲೂ ಆದ ಮೇಲೆ ಇಳಿಸಬೇಕು. ಎತ್ತದಿದ್ದರೆ ಇಂಜಿನ್ ಉಲ್ಟಾ ಒದ್ದು ಹ್ಯಾಂಡಲ್ ಹಿಡಿದ ಕೈ ಮುರಿಯುತ್ತದೆ.

ಹಿಂದಿನ ಸೀಟಿನಲ್ಲಿ ಕೂತ ಧಣಿ ನೋಡಿದ್ದು ಇಷ್ಟೇ: ಕಡ್ಡಿ ಕೆಳಗಿದ್ದರೆ ಗಾಡಿ ಓಡುತ್ತದೆ, ಮೇಲಿದ್ದರೆ ಮುಲುಗುತ್ತದೆ. ಆಳಿನಿಂದ ಕಲಿಯುವುದು ಅವನ ವಂಶದಲ್ಲೇ ಇರಲಿಲ್ಲ.

"ಮಗನೇ, ಕಡ್ಡಿ ಎತ್ತಿ ಗಾಡಿ ಕೆಡಸಾಕತ್ತೀ? ಇನ್ನ ಮುಟ್ಟಿದ್ರ ಬೆರಳು ಕಡಿತೀನಿ," ಎಂದು ಹೋದ ತಿಂಗಳು ಬೆತ್ತ ಎತ್ತಿದ. ಹೆದರಿದ ಮಾಣಿಕಪ್ಪ ಕಡ್ಡಿ ಎತ್ತದೆ ತಿರುವಿದ. ಬಲಗೈ ಮಣಿಕಟ್ಟು ತೊಗರಿಕಟ್ಟಿಗೆಯಂತೆ ಲಟಕ್ಕೆಂದಿತು. ಅಂದಿನಿಂದ ಧಣಿ ಬರುವ ಮೊದಲೇ ಕದ್ದು ಕಡ್ಡಿ ಎತ್ತಿ, ಎಡಗೈಯಲ್ಲಿ ಚಾಲೂ ಮಾಡಿಡುತ್ತಿದ್ದ.

"ಒಂದು ಕೈ ಕೊಟ್ಟಿದ್ದು ಸಾಕು," ಎಂದು ಹೆಂಡತಿ ಮರೆಮ್ಮ ಇವತ್ತು ಬುತ್ತಿ ಕಟ್ಟುತ್ತ ಹೇಳಿದ್ದಳು. "ಇನ್ನೊಂದೂ ಕೊಟ್ಟು ಬಂದ್ರ ನಾವು ಏನ್ ತಿನ್ನಬೇಕು?"

ಇವತ್ತೇ ಭಂಕೂರ ದಾರಿಯ ಏರಿನಲ್ಲಿ ಗಾಡಿ ನಿಂತಿತು. ಮಾಣಿಕಪ್ಪ ಪ್ಲಗ್ ಬಿಚ್ಚಿ, ಮಸಿ ಒರೆಸಿ ಹಾಕಿ, ಕಡ್ಡಿಗೆ ಕೈ ಒಯ್ದ. ಬೆತ್ತ ಬೆರಳ ಮೇಲೆ ಬಿತ್ತು.

"ಧಣೀರ, ಎತ್ತದಿದ್ರ ಒದೀತದ್ರಿ. ಇದೊಂದೇ ಕೈ ಉಳದದ."

"ಸುಮ್ನ ತಿರುವು!"

ಎರಡನೇ ಏಟು ಬೆನ್ನಿಗೆ, ಮೂರನೆಯದು ಕಿವಿಗೆ. ಕಿವಿ ಹರಿದು ರಕ್ತ ಅಂಗಿಯೊಳಗೆ ಇಳಿಯಿತು. ಕೆಳಗೆ ಬಿದ್ದವನ ಮುರಿದ ಮಣಿಕಟ್ಟನ್ನೇ ಆ ಪಾಪಿ ಹುಡುಕಿ ತುಳಿದ. ಕಟ್ಟಿದ್ದ ಬಿದಿರು ದಬ್ಬೆ ಸೀಳಿ ಮಾಂಸಕ್ಕೆ ಚುಚ್ಚಿತು. ಮಾಣಿಕಪ್ಪ ಅರಚಿದ, ಹ್ಯಾಂಡಲ್ ಮಾತ್ರ ಮುಟ್ಟಲಿಲ್ಲ. ಕೊಂದರೂ ಮುಟ್ಟುವುದಿಲ್ಲ ಎಂದು ಹಲ್ಲು ಕಚ್ಚಿದ್ದ.

"ಹೇಡಿ! ಒಳಗ ಹೋಗಿ ಕುಂದರು. ನಾನೇ ತಿರುವ್ತೀನಿ," ಎಂದ ಧಣಿ.

ಸ್ಟೇರಿಂಗಿನ ಮುಂದೆ ಕೂತ ಮಾಣಿಕಪ್ಪನ ಎಡಗೈಗೆ ಕಡ್ಡಿ ಗೇಣು ದೂರದಲ್ಲಿತ್ತು. ಸುಳ್ಳೇಕೆ, ಆಗಲೂ ಅವನು ಎತ್ತಲು ಹೋದ. ಧಣಿ ಗಾಜಿನಲ್ಲಿ ಕಂಡು ಕೂಗಿದ, "ಕೈ ತಗಿ! ಕೈ ಮ್ಯಾಲೆತ್ತಿ ತೋರಿಸು!"

"ಆಯ್ತ್ರಿ ಧಣೀರ."

ಎಡಗೈ ಎತ್ತಿ ತೋರಿಸಿದ. ಒಳಗೊಳಗೇ ಖುಷಿಯಾಯಿತು. ಯಾಕಾಗಬಾರದು?

ಧಣಿ ಹ್ಯಾಂಡಲನ್ನು ಬಿಗಿಹಿಡಿದು ತಿರುವಿದ. ಇಂಜಿನ್ ಒದೆಯಿತು. ಮೊಣಕೈ ಕೆಳಗಿನ ಎಲುಬು ಚರ್ಮ ಸೀಳಿ ಹೊರಬಂತು. ಹಿಂದೆ ತಿರುಗಿದ ಹ್ಯಾಂಡಲ್ ಗದ್ದಕ್ಕೆ ಬಡಿದು ಎರಡು ಹಲ್ಲು ಧೂಳಿಗೆ ಬಿದ್ದವು. ಬಡವನ ಸಿಟ್ಟು ದವಡೆಗೆ ಮೂಲ ಅಂತಾರೆ. ಇವತ್ತು ದವಡೆ ಧಣಿಯದಾಗಿತ್ತು.

"ದವಾಖಾನಿ... ಚಾಲೂ ಮಾಡೋ... ಸಾಯ್ತೀನಿ!"

ಮಾಣಿಕಪ್ಪ ಇಳಿದು ಬಂದ. ಹೊರಳಾಡುವವನ ಹತ್ತಿರ ಬಗ್ಗಿ, ಎಂದಿನ ಮರ್ಯಾದೆಯಿಂದಲೇ ಕೇಳಿದ.

"ಕಡ್ಡಿ ಎತ್ಲೇನ್ರಿ, ಧಣೀರ?"

ಕಲ್ಯಾಣಪ್ಪ ಅಳುತ್ತ ತಲೆಯಾಡಿಸಿದ.

"ಹಂಗಲ್ರಿ," ಎಂದ ಮಾಣಿಕಪ್ಪ. "ಬಾಯಿಲೇ ಹೇಳ್ರಿ."