ಗದ್ದಿಗೆ ಕಂಬಳಿಯ ಒಂದೆಳೆ

ಬೀಳುತ್ತದೆ, ಈಗ ಬೀಳುತ್ತದೆ — ಎಣ್ಣೆ ಕೊಳವೆಯ ಬಾಯಿಂದ ಇಳಿಬಿದ್ದ ಒಂದು ಕರಿ ಎಳೆ, ಅದರ ತುದಿಗೆ ಜೋಳದ ಕಾಳಿನಷ್ಟು ಹನಿ, ತುಂಬಿಕೊಂಡಿದೆ, ಹೊಳೆಯುತ್ತಿದೆ, ಬೀಳುವುದಿಲ್ಲ. ಮೋಟಾರಿನ ಕೆಳಗೆ ಅಂಗಾತ ಬಿದ್ದ ಹೊಳೆಪ್ಪನ ಬೆನ್ನಿಗೆ ದಾರಿಯ ಗರಸು ಒತ್ತುತ್ತಿದೆ, ಕಣ್ಣಿಗೆ ಬೆವರು ಇಳಿಯುತ್ತಿದೆ, ಒರೆಸೋಣವೆಂದರೆ ಕೈತುಂಬ ಎಣ್ಣೆ, ಮೇಲೆ ಹಿಂದಿನ ಸೀಟಿನಲ್ಲಿ ಹೆಂಡತಿ ಸಿದ್ದಕ್ಕ ಕಾಲಡಿಯ ಹಲಗೆ ಬಡಿಯುತ್ತಿದ್ದಾಳೆ, ಟಕ್, ಟಕ್, ಇದ್ದಾಳೆ, ಇನ್ನೂ ಇದ್ದಾಳೆ. ಎಚ್ಚರ ತಪ್ಪಬ್ಯಾಡ, ನಾ ಕೆಳಗ ಇರೂತನಕ ಬಡಕೋತ ಇರು ಅಂತ ಅವನೇ ಹೇಳಿ ಇಳಿದಿದ್ದ, ನಾ ಬಡದ್ರ ನಿಮ್ಮ ಮೋಟಾರ ಹೆದರಿ ಓಡತೈತೇನ್ರಿ ಅಂದಳು, ನಗಲು ಹೋಗಿ ಹೊಟ್ಟೆ ಹಿಡಿದುಕೊಂಡಳು — ಬೆಳಿಗ್ಗೆ ಟಗರಿಗೆ ಉಪ್ಪು ನೆಕ್ಕಿಸಲು ಕೂತಿದ್ದಳು, ಅದು ಎರಡು ಹೆಜ್ಜೆ ಹಿಂದೆ ಸರಿದದ್ದನ್ನು ಇವನು ಬಾಗಿಲಿಂದ ನೋಡಿದ, ಆಟವೆಂದುಕೊಂಡ, ಅದು ನೇರ ಹೊಟ್ಟೆಗೇ ಹಾಯಿತು. ಏನಾಗಿಲ್ಲೇಳ್ರಿ ಅಂತ ಎದ್ದು ರೊಟ್ಟಿ ಬಡಿದಳು, ಮೂರು ರೊಟ್ಟಿ, ನಾಲ್ಕನೆಯದು ಹಂಚಿನ ಮೇಲೇ ಸೀದುಹೋಯಿತು, ಹೊತ್ತೇರುವಷ್ಟರಲ್ಲಿ ಹೊಟ್ಟೆ ಹಲಗೆಯಂತೆ ಬಿಗಿದು ತುಟಿ ಬೆಳ್ಳಗಾಗಿತ್ತು. ಜಮಖಂಡಿಯ ದವಾಖಾನೆಗೆ ಒಯ್ಯಬೇಕು. ತಮ್ಮ ಸಾಬಣ್ಣ ಚಕ್ಕಡಿ ಹೂಡಿಯೇಬಿಟ್ಟಿದ್ದ, ಎತ್ತಿನ ಹೆಗಲ ಮೇಲೆ ನೊಗ ಕೂತಿತ್ತು, ಬಿಚ್ಚೋ ಅದನ್ನ, ಚಕ್ಕಡ್ಯಾಗ ಸಂಜೀನ ಆಕ್ಕೈತಿ, ಮೋಟಾರ್ದಾಗ ಒಂದ ತಾಸು — ಅಂದವನು ಯಾರು, ನೊಗ ಇಳಿಸಿದ ಕೈ ಯಾರದು, ಟಕ್, ಇದ್ದಾಳೆ.

ಸಂಸ್ಥಾನ ಹೋಗಿ ಮುಂಬೈ ಸರಕಾರ ಬಂದ ವರ್ಷ ಮುಧೋಳದ ಇನಾಮದಾರರೊಬ್ಬರ ಗಾಡಿಮನೆಯಿಂದ ಈ ಮೋಟಾರನ್ನು ಎತ್ತು ಕಟ್ಟಿ ಎಳೆದು ತಂದದ್ದು, ಸೀಟಿನಲ್ಲಿ ಕೋಳಿ ಮೊಟ್ಟೆ ಇಟ್ಟಿದ್ದವು, ಹೊಳೆಪ್ಪಗ ಉಣ್ಣಿ ಕುರಿ ಸಾಕಾದವು, ಈಗ ಕಬ್ಬಿಣದ ಕುರಿ ಮೇಯಸ್ತಾನಂತ ಅಂತ ತಮ್ಮೂರು ಚಿಮ್ಮಡದ ಕಟ್ಟೆಯೆಲ್ಲ ನಕ್ಕಿತು. ನಗಲಿ. ಬಿಚ್ಚಿದ, ಜೋಡಿಸಿದ, ಮತ್ತೆ ಬಿಚ್ಚಿದ, ಸತ್ತ ಕುರಿಯ ಹೊಟ್ಟೆ ಸೀಳಿ ರೋಗ ಹುಡುಕಿದ ಕೈ ಇದನ್ನೂ ಹಾಗೇ ಕಲಿಯಿತು. ಗೇರಿನ ಪೆಟ್ಟಿಗೆಯೊಳಗೆ ಉಕ್ಕಿನ ಮೂರು ಬಳೆ, ಪೆಡಲು ತುಳಿದರೆ ಬಳೆ ಬಿಗಿದು ತಿರುಗುವ ಡಬ್ಬಿಯನ್ನು ಹಿಡಿಯುತ್ತದೆ, ಬಳೆಯ ಒಳಮೈಗೆ ನೂಲಿನ ದಪ್ಪ ಪಟ್ಟಿ, ಅದು ಸವೆದರೆ ಏರು ಹತ್ತುವುದಿಲ್ಲ. ಹೋದ ತಿಂಗಳು ಸವೆದಿತ್ತು. ಬನಹಟ್ಟಿಯ ನೇಕಾರ ವಿಠೋಬಾ ಹಳೆ ಪಟ್ಟಿಯನ್ನು ಬೆರಳಲ್ಲಿ ತಿಕ್ಕಿ ನೋಡಿ, ಎಂಟ ದಿನಾ ತಡಿ ಹೊಳೆಪ್ಪಣ್ಣ, ನಾಕ ಪದರಿನ ಪಟ್ಟಿ ನೇದ ಕೊಡತೇನಿ ಅಂದ. ಎಂಟು ದಿನ ಯಾಕೆ, ಮನೆಯಲ್ಲಿ ಕಂಬಳಿ ಇಲ್ಲವೆ, ಅಜ್ಜನ ಕಾಲದಿಂದ ಮಳೆ ತಡೆದ ಉಣ್ಣೆ, ನಮ್ಮ ಉಣ್ಣಿ ಮುಂದ ನಿಮ್ಮ ನೂಲ ಏನ ತಡದೀತೋ ಅಂದ ಹೊಳೆಪ್ಪ. ಅಣ್ಣಾ, ಉಣ್ಣಿ ಕೂದಲಾ ಬಿಡತೈತಿ. ಬಿಟ್ರ ಬಿಡವಲ್ದ್ಯಾಕ. ಬಿಗಿಯಾಗಿ ನೇದ ಕಂಬಳಿ ಮನೆಯಲ್ಲಿ ಒಂದೇ, ಟ್ರಂಕಿನಲ್ಲಿದ್ದ ಗದ್ದಿಗೆ ಕಂಬಳಿ, ಕುಲದೇವರು ಬೀರಪ್ಪನ ಭಂಡಾರದ ಅರಿಶಿನ ಹಾರಿಸಿ ಅದರ ಮೇಲೇ ಇವನನ್ನೂ ಸಿದ್ದಕ್ಕನನ್ನೂ ಕೂಡಿಸಿ ತಾಳಿ ಕಟ್ಟಿಸಿದ್ದರು, ಅವತ್ತು ಅವಳ ಮೊಣಕಾಲಿಗೆ ಅಂಟಿದ್ದ ಕರಿ ಎಳೆಯೊಂದನ್ನು ಇವನು ಎಲ್ಲರ ಎದುರಿಗೆ ಚಿವುಟಿ ತೆಗೆದ, ಈಗಿಂದನ ಚಾಕರಿ ಸುರು ಆತ ನೋಡ್ರೇ ಅಂತ ಹೆಂಗಸರು ಹೋ ಎಂದರು, ಅವಳು ಮುಖ ಎತ್ತಲಿಲ್ಲ, ನಕ್ಕದ್ದು ಮಾತ್ರ ಭುಜದಲ್ಲಿ ಗೊತ್ತಾಯಿತು. ಆ ಕಂಬಳಿಗೆ ಕತ್ತರಿ ಹಚ್ಚುವಾಗ ಅವಳು ಕೈ ಹಿಡಿದಳು, ಇದನ್ಯಾಕ್ರಿ, ಬೇಕಾರ ನನ್ನ ಸೀರಿ ಹರೀರಿ. ಮೂರ ಬೆರಳಷ್ಟ, ಅಂಚಿನಾಗ, ಯಾರ ನೋಡತಾರ. ಅವಳು ಕೈ ಬಿಟ್ಟಳು, ಉಳಿದದ್ದನ್ನು ಮಡಚಿ ಒಳಗಿಟ್ಟಳು — ಬಿಡದೆ ಹಿಡಿದಿದ್ದರೆ, ಕತ್ತರಿ ಕಸಿದು ಬಾವಿಗೆ ಎಸೆದಿದ್ದರೆ.

ಒಂದು ತಿಂಗಳು ಮೋಟಾರು ಏರು ಹತ್ತಿತು. ಆ ತಿಂಗಳೆಲ್ಲ ಕಂಬಳಿ ಕೂದಲು ಬಿಡುತ್ತಿತ್ತು, ಎಣ್ಣೆಯಲ್ಲಿ ತೇಲಿ ತೇಲಿ ಕೊಳವೆಗೆ ಹೋಗಿ ಗಂಟಾಗುತ್ತಿತ್ತು, ಮುಂದಿನ ಬೇರಿಂಗಿಗೆ ಎಣ್ಣೆ ಸಿಗದೆ ಇವತ್ತೇ, ಜಮಖಂಡಿ ಇನ್ನೂ ಐದು ಮೈಲು ಇರುವಾಗ, ಅದು ಕರಗಿ ಕಟಕಟ ಬಡಿಯಿತು. ಜೊತೆಗೆ ಬಂದಿದ್ದ ಸಾಬಣ್ಣ ಚಕ್ಕಡಿ ಹುಡುಕಿಕೊಂಡು ಹೊಲ ಹಾಯ್ದು ಹೋದ, ಬೈದಿದ್ದರೆ ಚಲೋ ಇತ್ತು. ಹೊಳೆಪ್ಪ ತನ್ನ ಕೆರದ ಅಟ್ಟೆ ಕೊಯ್ದು ಎಣ್ಣೆಯಲ್ಲಿ ನೆನೆಸಿ ಬೇರಿಂಗಿನ ಜಾಗಕ್ಕೆ ಸುತ್ತಿದ್ದಾನೆ, ಬೋಲ್ಟು ಬಿಗಿದಿದ್ದಾನೆ, ಚರ್ಮ ಐದು ಮೈಲು ತಡೆದೀತು, ತಡೆಯಬೇಕು, ಆದರೆ ಎಣ್ಣೆ ಬರದಿದ್ದರೆ ಐದು ಮಾರೂ ತಡೆಯದು. ತಂತಿ ತೂರಿಸಿ ಎಳೆದ, ಉಣ್ಣೆ ಉಂಡೆಯುಂಡೆಯಾಗಿ ಬಂತು, ಇನ್ನೂ ಇದೆ, ಆಳದಲ್ಲಿದೆ, ಮೇಲಿನ ಮುಚ್ಚಳ ತೆಗೆದು ತಂದಿದ್ದ ತಗಡಿನ ಡಬ್ಬಿಯ ಎಣ್ಣೆಯನ್ನೆಲ್ಲ ಸುರುವಿ ಬಂದು ಬಿದ್ದಿದ್ದಾನೆ, ಈ ಹನಿ ಬಿದ್ದರೆ ಇನ್ನೊಂದು ಬಿದ್ದೀತು, ಮತ್ತೊಂದು, ಆಮೇಲೆ ಧಾರೆ, ಧಾರೆ ಕಂಡರೆ ಎದ್ದು ಹ್ಯಾಂಡಲು ಹೊಡೆಯುವುದು, ಅರ್ಧ ತಾಸಿನಲ್ಲಿ ದವಾಖಾನೆ, ಡಾಕ್ಟರು, ಬೀರಪ್ಪಾ, ಉಳಿದ ಕಂಬಳಿ ನಿನ್ನ ಗುಡಿಗೆ ಹಾಸತೇನೋ, ಒಂದು ಹನಿ, ಬರೀ ಒಂದು ಹನಿ. ಟಕ್. ಇದ್ದಾಳೆ. ಎಳೆಯನ್ನು ಎಳೆದುಬಿಡಲೆ, ಎಳೆದರೆ ಗಂಟು ಇನ್ನೂ ಬಿಗಿದರೆ, ಅವತ್ತು ಮೊಣಕಾಲಿನದು ಎಷ್ಟು ಸುಲಭ ಬಂದಿತ್ತು, ಎರಡು ಬೆರಳು, ಅಷ್ಟೆ. ಟಕ್ — ಅದು ಈಗಿನದೊ, ಆಗಿನದೊ. ಏ ಸಿದ್ದಿ, ಬಡಿ. ಕೇಳಾಕತ್ತೇನಿ, ಬಡಿ. ದೂರದಲ್ಲಿ ಚಕ್ಕಡಿಯ ಗಾಲಿ ಸದ್ದೊ, ತನ್ನ ಕಿವಿಯ ರಕ್ತವೊ. ಹೊರಗೆ ಸರಿಯಬೇಕು, ಎದ್ದು ನೋಡಬೇಕು, ನೋಡಿದರೆ ಗೊತ್ತಾಗಿಬಿಡುತ್ತದೆ, ಇಲ್ಲೇ ಬಿದ್ದಿದ್ದರೆ ಇನ್ನೊಂದು ಬಡಿತ ಬಂದರೂ ಬಂದೀತು, ಹಲಗೆ ಸುಮ್ಮನಿದೆ, ಸಿಟ್ಟಾಗ್ಯಾಳ, ಕಂಬಳಿ ಕತ್ತರಿಸಿದ್ದಕ್ಕ ಈಗ ಸಿಟ್ಟಾಗ್ಯಾಳ, ಬಡೀತಾಳ, ಈಗ ಬಡೀತಾಳ — ಕರಿ ಎಳೆ, ಅದರ ತುದಿಗೆ ಹನಿ, ತುಂಬಿಕೊಂಡಿದೆ, ಹೊಳೆಯುತ್ತಿದೆ, ಕರಿ ಎಳೆ, ಅದರ ತುದಿಗೆ