ಎಡಗಡೆಯಿಂದ ಎಷ್ಟನೆಯವಳು

“ಈ ಬಾಲ ಯಾವ ಪೆಟ್ಟಿಗೇದು?”

ಮೇಜಿನ ಕೆಳಗೆ ಮೊಣಕಾಲೂರಿ ಕೂತಿದ್ದ ಮಗಳು ಕೇಳಿದ್ದು ಯಾರನ್ನೂ ಅಲ್ಲ. ಕೈಯಲ್ಲಿ ಧೂಳು ಹಿಡಿದ ವೈರು. ಅದರ ಇನ್ನೊಂದು ತುದಿ ಗೋಡೆಯ ಸಂದಿಯಲ್ಲೆಲ್ಲೋ ಮಾಯವಾಗಿತ್ತು. ಆಚೆ ನಡುಮನೆಯಲ್ಲಿ ಅಪ್ಪ ಬಿಳಿ ಬಟ್ಟೆ ಹೊದ್ದು ಮಲಗಿದ್ದ. ವ್ಯಾನು ಬರುವುದರೊಳಗೆ ಕಂಪ್ಯೂಟರಿನಿಂದ ಅಮ್ಮನ ಒಂದು ಚಿತ್ರ ತೆಗೆಸಿ ಅವನ ಎದೆಯ ಮೇಲಿಡಬೇಕೆಂದು ಅವಳು ಬೆಳಿಗ್ಗೆಯೇ ಮನಸ್ಸು ಗಟ್ಟಿ ಮಾಡಿಕೊಂಡಿದ್ದಳು. ಅದಕ್ಕೂ ಮೊದಲಿನ ಆಸೆಯೊಂದಿತ್ತು, ಯಾರಿಗೂ ಹೇಳಿರಲಿಲ್ಲ: ಅಮ್ಮನ ಮುಖವನ್ನು ತಾನೊಮ್ಮೆ ನೋಡಬೇಕು.

ಅಮ್ಮ ತೀರಿಹೋದಾಗ ಅವಳಿಗೆ ಮಾತು ಕೂಡ ಬಂದಿರಲಿಲ್ಲ. ಮನೆಯಲ್ಲಿ ಅಮ್ಮನ ಒಂದು ಫೋಟೋ ಇಲ್ಲ. ಇದ್ದವನ್ನೆಲ್ಲ ಅತ್ತೆ ಒಲೆಗೆ ಹಾಕಿದ್ದು ಎಲ್ಲರಿಗೂ ಗೊತ್ತು. ಬಾಯಿ ಬಿಡುವವರು ಮಾತ್ರ ಯಾರೂ ಇಲ್ಲ.

ಆ ಅತ್ತೆ, ಅಪ್ಪನ ಅಕ್ಕ, ಇದೇ ಕೋಣೆಯ ಮಂಚದ ಮೇಲೆ ಗೋಡೆಗೊರಗಿ ಕೂತಿದ್ದಳು. ಬೆಳಗಿನಿಂದ ಒಂದು ಹನಿ ಕಣ್ಣೀರು ಹಾಕಿರಲಿಲ್ಲ.

“ಹೆಣ ಇನ್ನೂ ಎದ್ದಿಲ್ಲ, ನೀನು ಕಂಪ್ಯೂಟರಿನ ಹೊಟ್ಟೆ ಬಗೀತಿದ್ದೀಯ.”

“ಅಮ್ಮ ಇದರೊಳಗಿದ್ದಾಳೆ ಅತ್ತೆ.”

“ಇರ್ತಾಳೆ ಇರ್ತಾಳೆ. ಅವಳಿಗೇನು, ಎಲ್ಲಿ ಬೇಕಾದ್ರೂ ಹೊಕ್ಕೋತಾಳೆ.”

ನಡುಮನೆಯಲ್ಲಿ ಅಪ್ಪನ ಜೊತೆ ಬಸ್ಸಿನಲ್ಲಿ ದುಡಿದಿದ್ದ ಡ್ರೈವರು ಯಾರಿಗೋ ಹೇಳುತ್ತಿದ್ದ: “ಜೀವಮಾನವೆಲ್ಲ ‘ಮುಂದಕ್ಕೆ ಹೋಗಿ ಸ್ವಾಮಿ, ಮುಂದಕ್ಕೆ ಹೋಗಿ’ ಅಂತ ಜನಾನ ದಬ್ಬಿದ. ಈಗ ನೋಡಿ, ನಮ್ಮನ್ನೆಲ್ಲ ಹಿಂದೆ ನಿಲ್ಲಿಸಿ ತಾನೇ ಮುಂದಕ್ಕೆ ಹೋದ.” ಯಾರೋ ನಕ್ಕರು, ನಕ್ಕಿದ್ದಕ್ಕೆ ನಾಚಿ ಕೆಮ್ಮಿದರು.

*

ಅಪ್ಪ ಬಸ್ ಕಂಡಕ್ಟರು. ಅಮ್ಮ ಸಿನಿಮಾದವಳು ಎನ್ನುತ್ತಿದ್ದರು, ಆದರೆ ಯಾವ ಸಿನಿಮಾದಲ್ಲೂ ಅವಳಿಗೆ ಮಾತಿರಲಿಲ್ಲ. ನಾಯಕಿ ಅಳುವಾಗ ಹಿಂದೆ ನಿಲ್ಲುವವಳು, ನಾಯಕ ಓಡುವಾಗ ದಾರಿ ಬಿಡುವವಳು, ಗುಂಪಿನಲ್ಲಿ ಗುಂಪು. ಬೆಳಗಿನ ಮೊದಲ ಬಸ್ಸಿನಲ್ಲಿ ಶೂಟಿಂಗಿಗೆ ಹೋಗುವವಳಿಗೆ ಚಿಲ್ಲರೆ ಕೊಡುತ್ತಾ ಕೊಡುತ್ತಾ ಅವನು ಮನಸ್ಸನ್ನೂ ಕೊಟ್ಟ.

ಅವಳು ಹೋದ ಮೇಲೆ ಕೂಸನ್ನು ಸಾಕಿದವಳು ಅತ್ತೆ. ಕೂಸು ಮೊದಲು ‘ಅಮ್ಮ’ ಅಂದದ್ದು ಅತ್ತೆಯ ಮುಖ ನೋಡಿಯೇ. “ಅಮ್ಮ ಅಲ್ಲ ಪುಟ್ಟಿ, ಅತ್ತೆ ಅನ್ನು,” ಎಂದು ಅಪ್ಪ ತಿದ್ದಿದ್ದ. ಅತ್ತೆ ಅಂದು ರಾತ್ರಿ ಅನ್ನ ಮುಟ್ಟಲಿಲ್ಲವಂತೆ. ಫೋಟೋಗಳು ಒಲೆ ಸೇರಿದ್ದು ಅದಾದ ಮೇಲೆಯೇ.

ಕೆಲಸದಿಂದ ನಿವೃತ್ತನಾಗಿ ಮನೆ ಸೇರಿದ ಮೇಲೆ ಅಪ್ಪ ಹಳೆಯದೊಂದು ಕಂಪ್ಯೂಟರು ಕೊಂಡ. ಬಾಡಿಗೆ ಅಂಗಡಿಯಿಂದ ಹಳೇ ಸಿನಿಮಾಗಳ ಡಿಸ್ಕು ತಂದು ಹಾಕುವನು. ತೆರೆಯ ಮೇಲೆ ಜನ ಜಮಾಯಿಸಿದ ಕೂಡಲೇ ಮೂಗು ಗಾಜಿಗೆ ತಾಗುವಂತೆ ಬಾಗಿ, “ನಿಲ್ಲು ನಿಲ್ಲು ನಿಲ್ಲು,” ಎನ್ನುತ್ತಾ ಗುಂಡಿ ಒತ್ತಿ ಆ ಗಳಿಗೆಯನ್ನು ಚಿತ್ರವಾಗಿ ಹಿಡಿಯುವನು.

“ಸಿಕ್ಕಿದಳು!”

“ತೋರಿಸಪ್ಪ,” ಎನ್ನುವಳು ಮಗಳು ಬಾಗಿಲಲ್ಲಿ.

“ಚೂರುಪಾರು ನೋಡಬಾರದು. ಎಲ್ಲಾ ಸಿಗಲಿ, ಒಟ್ಟಿಗೆ ತೋರಿಸ್ತೀನಿ. ಅಮ್ಮನ್ನ ಮೊದಲನೇ ಸಲ ನೋಡೋದು, ಆತುರ ಪಟ್ಟರೆ ಹೇಗೆ?”

ಜಪದ ಮಣಿ ಎಣಿಸುವವನ ತಾಳ್ಮೆ ಅವನದು. ಹಿಡಿದ ಚಿತ್ರವನ್ನು ಜೋಪಾನ ಮಾಡಿ ಸಿನಿಮಾ ಮುಚ್ಚುವನು. ಡಿಸ್ಕು ಮರುದಿನ ಅಂಗಡಿಗೆ ವಾಪಸ್ಸು.

*

ಬೀದಿಯ ಕೊನೆಯಿಂದ ರಿಪೇರಿಯವನು ಬಂದು ಬಾಲವನ್ನು ಸರಿಯಾದ ಪೆಟ್ಟಿಗೆಗೆ ಸಿಕ್ಕಿಸಿದ. ಚಿತ್ರಗಳ ಕಟ್ಟು ತೆರೆಯಿತು. ಮೊದಲನೆಯದು ಕಪ್ಪು. ಮುಂದಿನದೂ ಕಪ್ಪು. ಅವನು ಒತ್ತುತ್ತಾ ಹೋದ, ಕತ್ತಲು ಬರುತ್ತಾ ಹೋಯಿತು.

“ಕೆಟ್ಟುಹೋಗಿದೆಯಾ?”

“ಕೆಟ್ಟಿಲ್ಲ ಅಕ್ಕಾ. ಇರೋದೇ ಇಷ್ಟು.” ಅವನು ತಲೆ ಕೆರೆದುಕೊಂಡ. “ಈ ಹಳೇ ಮಷೀನಲ್ಲಿ ಸಿನಿಮಾ ಒಂದು ತೂತಿನಿಂದ ಇಣುಕಿದ ಹಾಗೆ ಕಾಣ್ತಿತ್ತು ಅಂದ್ಕೊಳ್ಳಿ. ನಿಮ್ಮಪ್ಪ ಹಿಡಿದಿದ್ದು ತೂತನ್ನ, ಸಿನಿಮಾನ ಅಲ್ಲ. ಹಿಂದೆ ಸಿನಿಮಾ ಇರೋವರೆಗೂ ಚಿತ್ರ ಇದ್ದ ಹಾಗೇ ಕಾಣುತ್ತೆ. ಸಿನಿಮಾ ಮುಚ್ಚಿದ್ರೆ ಖಾಲಿ.”

“ಅಪ್ಪನಿಗೆ ಗೊತ್ತಾಗಲೇ ಇಲ್ವಾ?”

ರಿಪೇರಿಯವನು ಕೀಲಿಮಣೆಯನ್ನೇ ನೋಡಿದ. “ಹೋದ ವಾರ ಅಂಗಡಿಗೆ ಬಂದಿದ್ರು. ‘ಚಿತ್ರ ಕಪ್ಪಾದ್ರೆ ತೊಳೆಯೋಕಾಗುತ್ತೇನಪ್ಪಾ?’ ಅಂದ್ರು. ತಮಾಷೆ ಮಾಡ್ತಿದ್ದಾರೆ ಅಂತ ನಾನು ನಕ್ಕುಬಿಟ್ಟೆ. ಅವರೂ ನಕ್ಕರು.”

ಬಾಡಿಗೆ ಅಂಗಡಿಯಿದ್ದ ಜಾಗದಲ್ಲಿ ಈಗ ಚಪ್ಪಲಿ ಮಾರುತ್ತಾರೆ. ಯಾವ ಯಾವ ಸಿನಿಮಾದಲ್ಲಿ ಅವಳಿದ್ದಳು ಎಂಬುದೆಲ್ಲ ಇದ್ದದ್ದು ಒಂದೇ ತಲೆಯಲ್ಲಿ. ಆ ತಲೆ ನಡುಮನೆಯಲ್ಲಿ ತಣ್ಣಗಾಗಿತ್ತು.

“ಒಳಗೊಂದು ಡಿಸ್ಕಿದೆ,” ಎಂದ ರಿಪೇರಿಯವನು. “ಎಲ್ಲಿಂದ ಹುಡುಕಿ ತಂದಿದ್ರೋ, ಮತ್ತೆ ಮೊದಲಿಂದ ಶುರು ಮಾಡಿದ್ರೇನೋ.”

ಡಿಸ್ಕು ಕರಕರ ಎಂದು ತಿರುಗಿತು. ರೈಲ್ವೆ ಪ್ಲಾಟ್‌ಫಾರ್ಮು ಬಂತು. ರೈಲು ನಿಂತಿದೆ, ನಾಯಕ ಇಳಿಯುತ್ತಿದ್ದಾನೆ, ಅವನ ಹಿಂದೆ ಉದ್ದಕ್ಕೂ ಹೆಂಗಸರು: ಗಂಟು ಹೊತ್ತವರು, ಮಗು ಎತ್ತಿದವರು, ಯಾರನ್ನೋ ಕಾಯುವವರು. ರಿಪೇರಿಯವನು ಅಲ್ಲಿಗೆ ನಿಲ್ಲಿಸಿದ.

“ಇದನ್ನ ಈಗಲೇ ಸರಿಯಾಗಿ ಹಿಡ್ಕೊಡ್ತೀನಿ. ನಿಮ್ಮಮ್ಮ ಎಡಗಡೆಯಿಂದ ಎಷ್ಟನೆಯವರು ಹೇಳಿ, ಸಾಕು.”

ಮಗಳು ಗಾಜಿನ ಹತ್ತಿರಕ್ಕೆ ಬಾಗಿದಳು. ಒಬ್ಬಳ ಮೂಗು ತನ್ನದಿರಬಹುದು ಅನ್ನಿಸಿತು. ಇನ್ನೊಬ್ಬಳ ಗಲ್ಲ. ಕಣ್ಣುಜ್ಜಿ ನೋಡಿದರೆ ಯಾರೂ ಅಲ್ಲ. ಮತ್ತೆ ನೋಡಿದರೆ ಎಲ್ಲರೂ ಹೌದು. ಹೆತ್ತವಳು ಎದುರಿಗೇ ನಿಂತಿದ್ದಾಳೆ, ಗುರುತು ಹಿಡಿಯುವ ಕಣ್ಣನ್ನು ದೇವರು ಕೊಟ್ಟಿಲ್ಲ.

ಬೆನ್ನ ಹಿಂದೆ ಉಸಿರು ಸಿಕ್ಕಿಕೊಂಡ ಸದ್ದಾಯಿತು. ಅತ್ತೆ ಮಂಚದಿಂದ ಇಳಿದು ಬಂದು ನಿಂತಿದ್ದಳು. ಕಣ್ಣು ತೆರೆಯ ಮೇಲೆ ಒಂದೇ ಕಡೆ ನೆಟ್ಟಿತ್ತು, ರೆಪ್ಪೆ ಬಡಿಯದೆ, ತುಂಬಿಕೊಂಡು. ಮಗಳು ಆ ನೋಟದ ಜಾಡು ಹಿಡಿದು ಹೋದಳು. ಜಾಡು ಮುಟ್ಟಿದಲ್ಲಿ ಮೂವರು ಒತ್ತೊತ್ತಾಗಿ ನಿಂತಿದ್ದರು.

“ವ್ಯಾನು ಬಂತು! ಎತ್ತೋಣ ಬನ್ನಿ,” ಎಂದು ಡ್ರೈವರು ಕೂಗಿದ.

“ಅತ್ತೆ, ಯಾರು?” ಮಗಳು ಅವಳ ಮೊಣಕೈ ಹಿಡಿದಳು. “ಮಾತಾಡಬೇಡ. ಹೆಸರೂ ಹೇಳಬೇಡ. ಬೆರಳಿಟ್ಟು ತೋರಿಸು, ಅಷ್ಟೇ. ನಿನ್ನ ಕಾಲಿಗೆ ಬೀಳ್ತೀನಿ.”

ಅತ್ತೆ ಎರಡೂ ಕೈಗಳನ್ನು ಮುಷ್ಟಿ ಕಟ್ಟಿ ಕಂಕುಳಲ್ಲಿ ಹುದುಗಿಸಿಕೊಂಡಳು.

“ಇಲ್ಲ,” ಎಂದಳು. “ತೋರಿಸಲ್ಲ.”