ಸಹಿಯ ಮುಂದಿನ ಎರಡಕ್ಷರ

ಹನ್ನೊಂದು ವರ್ಷ ನರ್ಸ್ ಆಗಿದ್ದವಳು ಒಂದು ರಾಜ್ಯದ ಗಡಿ ದಾಟಿದ ಕೂಡಲೇ ಏನೂ ಅಲ್ಲದವಳಾಗುತ್ತಾಳೆ ಎಂದು ಯಾರಾದರೂ ಮೊದಲೇ ಹೇಳಿದ್ದರೆ ನಕ್ಕುಬಿಡುತ್ತಿದ್ದೆ. ನಮ್ಮೆಜಮಾನರ ಕೆಲಸ ಪಕ್ಕದ ರಾಜ್ಯಕ್ಕೆ ವರ್ಗವಾಯಿತು, ಗಂಟುಮೂಟೆ ಕಟ್ಟಿಕೊಂಡು ಬಂದೆವು. ಈ ದೇಶದಲ್ಲೇ ಓದಿದ ನರ್ಸುಗಳಿಗಾದರೆ ಲೈಸೆನ್ಸ್ ಬದಲಾಯಿಸಿಕೊಳ್ಳುವುದು ಎರಡು ವಾರದ ಮಾತು. ನಾನು ಓದಿದ್ದು ಹೊರದೇಶದಲ್ಲಿ. ಹಾಗಾಗಿ ಇಲ್ಲಿಯ ನರ್ಸಿಂಗ್ ಕೌನ್ಸಿಲ್ಲಿಗೆ ಎಲ್ಲವೂ ಮೊದಲಿನಿಂದ ಬೇಕಿತ್ತು. ಓದಿದ ಕಾಲೇಜಿನಿಂದ ಮೊಹರು ಒತ್ತಿದ ಲಕೋಟೆ, ಯಾವ ವಾರ್ಡಿನಲ್ಲಿ ಎಷ್ಟು ಗಂಟೆ ನಿಂತಿದ್ದೆ ಎಂಬ ವಿವರ, ಜೊತೆಗೆ ಭಾಷೆಯ ಪರೀಕ್ಷೆ. ಹನ್ನೊಂದು ವರ್ಷ ಅದೇ ಭಾಷೆಯಲ್ಲಿ ಡಾಕ್ಟರುಗಳ ಜೊತೆ ಜಗಳವಾಡಿದವಳನ್ನು ಕೂರಿಸಿಕೊಂಡು, ಬಸ್ ನಿಲ್ದಾಣಕ್ಕೆ ದಾರಿ ಹೇಳು ಎಂದು ಕೇಳಿದರು. ಹೇಳಿದೆ. ಪಾಸಾದೆ.

ಎಂಟು ತಿಂಗಳು ಹೀಗೇ ಸವೆಯಿತು. ಈ ನಡುವೆ ಕೈಕಟ್ಟಿ ಕೂರಲಾರದೆ ಒಂದು ವೃದ್ಧರ ಮನೆಯಲ್ಲಿ ಸಹಾಯಕಿಯಾಗಿ ಸೇರಿಕೊಂಡೆ. ಸಹಾಯಕಿ ಸ್ನಾನ ಮಾಡಿಸಬಹುದು, ಊಟ ಮಾಡಿಸಬಹುದು, ಮಗ್ಗುಲು ಬದಲಿಸಬಹುದು, ಬೆರಳು ಚುಚ್ಚಿ ಸಕ್ಕರೆ ಎಷ್ಟಿದೆ ಎಂದು ನೋಡಬಹುದು. ಮಾತ್ರೆ ಕೊಡುವಂತಿಲ್ಲ, ಇಂಜೆಕ್ಷನ್ ಮುಟ್ಟುವಂತಿಲ್ಲ. ಲೈಸೆನ್ಸ್ ಇಲ್ಲದೆ ನರ್ಸಿನ ಕೆಲಸ ಮಾಡುವುದಿರಲಿ, ನರ್ಸ್ ಎಂದು ಹೇಳಿಕೊಂಡರೂ ಸಾಕು, ಕೌನ್ಸಿಲ್ ಅರ್ಜಿಯನ್ನು ತಡೆಹಿಡಿದು ವಿಚಾರಣೆಗೆ ಕರೆಯುತ್ತದೆ. ಇದು ನನಗೆ ಚೆನ್ನಾಗಿಯೇ ಗೊತ್ತಿತ್ತು.

ಆ ಶುಕ್ರವಾರದ ಹೊತ್ತಿಗೆ ಎಲ್ಲ ಕಾಗದಗಳೂ ಕೌನ್ಸಿಲ್ ಸೇರಿ, ಒಂದೇ ಒಂದು ಫಾರಂ ಉಳಿದಿತ್ತು. ಈಗ ಕೆಲಸ ಮಾಡುವ ಜಾಗದ ಮೇಲಧಿಕಾರಿ, ಈಕೆ ತನ್ನ ಮಿತಿ ಮೀರಿಲ್ಲ ಎಂದು ಸಹಿ ಹಾಕಿ ಸಂಜೆ ಐದರೊಳಗೆ ಕಳಿಸಬೇಕು. ಕಳಿಸಿದರೆ ಸೋಮವಾರ ಲೈಸೆನ್ಸ್. ದೊಡ್ಡಾಸ್ಪತ್ರೆಯವರು ಹೃದಯದ ವಾರ್ಡಿನಲ್ಲಿ ಒಂದು ಕೆಲಸವನ್ನು ಸೋಮವಾರದವರೆಗೆ ನನಗಾಗಿ ಹಿಡಿದಿಟ್ಟಿದ್ದರು. ಆಮೇಲೆ ಪಟ್ಟಿಯಲ್ಲಿ ಮುಂದಿನವಳಿಗೆ. ಬೆಳಿಗ್ಗೆಯಿಂದ ಕೌನ್ಸಿಲ್ಲಿನ ಗುಮಾಸ್ತೆಗೆ ಮೂರು ಸಲ ಫೋನ್ ಮಾಡಿದ್ದೆ. ಮೂರನೇ ಸಲ ಆಕೆ, ನೀವು ಫೋನ್ ಇಟ್ಟರೆ ನನಗೆ ನಿಮ್ಮ ಕೆಲಸ ನೋಡಲು ಬಿಡುವಾಗುತ್ತದೆ ಎಂದಳು. ಅವಳದೇನೂ ತಪ್ಪಿಲ್ಲ.

ಮೂರು ಗಂಟೆಗೆ ನಮ್ಮ ಇನ್‌ಚಾರ್ಜ್ ಮೇಡಂ ನನ್ನನ್ನು ರೂಮಿಗೆ ಕರೆದು ಬಾಗಿಲು ಹಾಕಿಕೊಂಡರು. ಒಳ್ಳೆಯ ಹೆಂಗಸು. ನನ್ನ ಮಗಳ ಸ್ಕೂಲಿನ ಸಮಯಕ್ಕೆ ನನ್ನ ಡ್ಯೂಟಿ ಹೊಂದಿಸಿಕೊಟ್ಟವರು ಅವರೇ. ಮೇಜಿನ ಮೇಲೆ ನನ್ನ ಫಾರಂ ಇತ್ತು, ಪಕ್ಕದಲ್ಲಿ ದರ್ಜಿ ತಾತನ ಫೈಲು.

ದರ್ಜಿ ತಾತ ಮೂರು ವಾರದ ಹಿಂದೆ ತೀರಿಕೊಂಡಿದ್ದರು. ಐವತ್ತು ವರ್ಷ ಹೊಲಿಗೆ ಯಂತ್ರ ತುಳಿದವರು. ನಾನು ಸ್ನಾನ ಮಾಡಿಸಲು ಹೋದಾಗಲೆಲ್ಲ ನನ್ನ ಸಮವಸ್ತ್ರದ ತೋಳು ಎಳೆದು ನೋಡಿ, ಇದನ್ನು ಹೊಲಿದವನು ನಿನಗೇನೋ ಹಳೇ ಹಗೆಯವನಿರಬೇಕು ಎನ್ನುತ್ತಿದ್ದರು.

ಮೇಡಂ ಫೈಲು ತೆರೆದು ಒಂದು ಹಾಳೆಯ ಕೊನೆಯಲ್ಲಿ ಬೆರಳಿಟ್ಟರು. ತಾತನಿಗೆ ಹುಷಾರು ತಪ್ಪಿದ ದಿನ ನಾನು ಬರೆದ ಹಾಳೆ. ಕೆಳಗೆ ನನ್ನ ಸಹಿ. ಸಹಿಯ ಮುಂದೆ ಆರ್.ಎನ್. ಎಂಬ ಎರಡಕ್ಷರ. ರಿಜಿಸ್ಟರ್ಡ್ ನರ್ಸ್.

ನನ್ನ ಕೈ ಸೇದಿಹೋಗ. ಹನ್ನೊಂದು ವರ್ಷ ದಿನಕ್ಕೆ ಐವತ್ತು ಸಲ ಹಾಕಿದ ಸಹಿ. ಗಾಬರಿಯಲ್ಲಿ ಕೈ ತನ್ನ ಪಾಡಿಗೆ ತಾನು ಬರೆದುಬಿಟ್ಟಿದೆ. ನಾನು ಅದನ್ನು ನೋಡಿಯೇ ಇರಲಿಲ್ಲ. ಕುರ್ಚಿ ಎಳೆದುಕೊಂಡು ಕೂತೆ.

ನಾಲ್ಕು ಗಂಟೆಗೆ ತಾತನ ಮಗಳು ಈ ಫೈಲಿನ ಪ್ರತಿ ಒಯ್ಯಲು ಬರುತ್ತಾರೆ, ಒಮ್ಮೆ ಇದು ಹೊರಗೆ ಹೋದರೆ ಕೌನ್ಸಿಲ್ಲಿಗೆ ತಿಳಿಯದೆ ಇರುವುದಿಲ್ಲ ಎಂದರು ಮೇಡಂ. ಆಮೇಲೆ ಖಾನೆಯಿಂದ ಅಂಥದೇ ಒಂದು ಖಾಲಿ ಹಾಳೆ ತೆಗೆದು ನನ್ನ ಮುಂದಿಟ್ಟರು.

"ಇನ್ನೊಂದ್ಸಲ ಬರೆದ್ಬಿಡಿ. ಹಳೇದನ್ನ ನಾನು ಹರಿದು ಹಾಕ್ತೀನಿ. ಆಮೇಲೆ ನಿಮ್ಮ ಫಾರಂಗೆ ಸಹಿ ಮಾಡ್ತೀನಿ."

ನನ್ನ ಕಣ್ಣಲ್ಲಿ ನೀರೇ ಬಂತು. ಇಂಥವರ ಹೊಟ್ಟೆ ತಣ್ಣಗಿರಲಿ ಎಂದುಕೊಂಡೆ. ಪೆನ್ನು ತೆಗೆದುಕೊಂಡು ಹಳೆಯದನ್ನು ನೋಡಿ ನಕಲು ಮಾಡತೊಡಗಿದೆ. ಎರಡು ಹತ್ತು: ಮೈಯೆಲ್ಲ ಬೆವರು, ಕರೆದರೆ ಮಾತಿಲ್ಲ, ಸಕ್ಕರೆ ಮೂವತ್ತೊಂದಕ್ಕೆ ಇಳಿದಿದೆ. ಎರಡು ಹನ್ನೆರಡು: ಇಂಜೆಕ್ಷನ್ ಬೇಕೆಂದು ಇನ್‌ಚಾರ್ಜ್ ಅವರಿಗೆ ಫೋನ್.

ಬರೆಯುತ್ತಿದ್ದಂತೆ ಆ ಮಧ್ಯಾಹ್ನ ಮತ್ತೆ ಕಣ್ಣೆದುರು ಬಂತು. ಸಕ್ಕರೆ ಏರಿಸುವ ಇಂಜೆಕ್ಷನ್ ಗೋಡೆಯ ಪೆಟ್ಟಿಗೆಯಲ್ಲಿತ್ತು. ಅದಕ್ಕೆ ಬೀಗವೂ ಇರಲಿಲ್ಲ. ಅದನ್ನು ಕೊಡುವ ಅಧಿಕಾರವಿದ್ದ ಒಬ್ಬರೇ ನರ್ಸ್, ಅಂದರೆ ಮೇಡಂ, ಆಗ ಹೊರಗೆ ಹೋಗಿದ್ದರು. ಐದೇ ನಿಮಿಷದಲ್ಲಿ ಬಂದೆ, ಏನೂ ಮುಟ್ಟಬೇಡಿ, ಆಂಬುಲೆನ್ಸ್ ಕರೆಯಬೇಡಿ ಎಂದು ಫೋನಿನಲ್ಲಿ ಹೇಳಿದರು. ಐದು ಹತ್ತಾಯಿತು, ಹತ್ತು ಇಪ್ಪತ್ತಾಯಿತು. ನಾನು ತಾತನನ್ನು ಮಗ್ಗುಲಿಗೆ ಹೊರಳಿಸಿ ಒಸಡಿಗೆ ಸಕ್ಕರೆ ಉಜ್ಜುತ್ತಾ ಪೆಟ್ಟಿಗೆ ನೋಡುತ್ತಿದ್ದೆ. ಮುಟ್ಟಿದರೆ ಲೈಸೆನ್ಸ್ ಹೋಯಿತು. ಎರಡೂವರೆಗೆ ತಡೆಯಲಾರದೆ ನಾನೇ ಆಂಬುಲೆನ್ಸಿಗೆ ಫೋನ್ ಮಾಡಿದೆ. ಅದೂ ಮೇಡಮ್ಮೂ ಒಟ್ಟಿಗೇ ಬಂದಿದ್ದು ಎರಡು ಐವತ್ತಕ್ಕೆ. ತಾತ ಕಣ್ಣು ತೆರೆಯದೆ ಮೂರನೇ ದಿನ ಆಸ್ಪತ್ರೆಯಲ್ಲಿ ಹೋದರು.

ನಾನು ಮುಂದಿನ ಸಾಲಿಗೆ ಬಂದಾಗ ಮೇಡಂ ಹಳೆಯ ಹಾಳೆಯ ಮೇಲೆ ಅಂಗೈ ಊರಿದರು.

"ಇಲ್ಲಿ ಎರಡು ಹದಿನೈದು ಅಂತ ಬರೀರಿ. ಇನ್‌ಚಾರ್ಜ್ ಬಂದು ಇಂಜೆಕ್ಷನ್ ಕೊಟ್ರು ಅಂತ."

ನಾನು ಪೆದ್ದಿಯ ಹಾಗೆ ಅವರ ಮುಖ ನೋಡಿದೆ. ಆಮೇಲೆ ಅರ್ಥವಾಯಿತು. ಹಾಳೆ ಬದಲಾಗಬೇಕಾಗಿದ್ದು ನನ್ನ ಎರಡಕ್ಷರಕ್ಕಲ್ಲ.

ಮೇಡಂ ತಲೆ ಎತ್ತದೆ ಹೇಳಿದರು. ಅವತ್ತು ಅವರ ಮಗು ಸ್ಕೂಲಿನಲ್ಲಿ ಬಿದ್ದು ಹಣೆ ಒಡೆದುಕೊಂಡಿತ್ತಂತೆ, ಬದಲಿ ನರ್ಸನ್ನು ಕರೆಸುವಷ್ಟು ತಾಳ್ಮೆ ಇರಲಿಲ್ಲವಂತೆ, ನೀವೂ ತಾಯಿ ಎಂದರು. ಆಂಬುಲೆನ್ಸಿನವರ ಕಾಗದದಲ್ಲಿ ಅವರು ಬಂದ ಹೊತ್ತು ಮಾತ್ರ ಇದೆ, ತಾನು ಬಂದ ಹೊತ್ತು ಇರುವುದು ಈ ಹಾಳೆಯಲ್ಲಿ ಮಾತ್ರ ಎಂದರು. ಮಗುವಿನ ಮಾತು ಸುಳ್ಳಲ್ಲ, ಆ ಪಟ್ಟಿ ಕಟ್ಟಿದ ಹಣೆಯನ್ನು ನಾನೇ ನೋಡಿದ್ದೆ.

ಗೋಡೆ ಗಡಿಯಾರದಲ್ಲಿ ಮೂರು ಇಪ್ಪತ್ತೈದು. ಸುಳ್ಳು ಯಾಕೆ ಹೇಳಲಿ, ನನಗೆ ಆ ಲೈಸೆನ್ಸ್ ಜೀವ ಹೋಗುವಷ್ಟು ಬೇಕಿತ್ತು. ಹೃದಯದ ವಾರ್ಡಿನಲ್ಲಿ ನಾನು ನಡೆದಾಡುವುದನ್ನು ಎಂಟು ತಿಂಗಳಿಂದ ಕನಸು ಕಂಡಿದ್ದೆ. ಯಾರಿಗೆ ಏನು ನಷ್ಟ, ತಾತ ಎದ್ದು ಬರುತ್ತಾರೆಯೇ ಎಂದುಕೊಂಡು 'ಎರಡು' ಎಂದು ಬರೆದೂ ಬರೆದೆ. ಮುಂದಕ್ಕೆ ಪೆನ್ನು ಓಡಲಿಲ್ಲ. ನಲವತ್ತು ನಿಮಿಷ ಆ ಮುದುಕ ನನ್ನ ಕೈ ಹಿಡಿದು ಮುಲುಗಿದ್ದರು. ಅದನ್ನು ಐದು ನಿಮಿಷ ಎಂದು ಬರೆದರೆ ಉಳಿದ ಮುಲುಗಾಟ ನಡೆದೇ ಇಲ್ಲ ಎಂದಾಗುತ್ತದೆ. ಪೆನ್ನು ಕೆಳಗಿಟ್ಟೆ.

"ಆಗಲ್ಲ ಮೇಡಂ. ಹಳೇ ಹಾಳೆನೇ ಇರ್ಲಿ."

ಅವರು ಕೂಗಾಡಲಿಲ್ಲ. ನನ್ನ ಫಾರಂ ಎಳೆದುಕೊಂಡರು. ಆ ಹಾಳೆ ಇರುವಾಗ ನಾನು ಸುಳ್ಳು ಸಹಿ ಹಾಕಿ ಸಿಕ್ಕಿಬೀಳಲಾರೆ ಎನ್ನುತ್ತಾ, 'ದಾಖಲೆಯಲ್ಲಿ ನರ್ಸ್ ಎಂದು ಸಹಿ ಮಾಡಿದ್ದಾರೆ' ಎಂದು ದುಂಡಗೆ ಬರೆದು, ನನಗೆ ಓದಲು ಬರುವಂತೆ ತಿರುಗಿಸಿ ಹಿಡಿದರು. ಇನ್ನೂ ಹೊತ್ತಿದೆ ಎಂದರು. ನಾನು ತಲೆಯಾಡಿಸಲಿಲ್ಲ. ಫ್ಯಾಕ್ಸ್ ಯಂತ್ರಕ್ಕೆ ಫಾರಂ ತೂರಿಸಿದರು. ಗುರ್ರೆಂದು ಹೋಯಿತು. ಎಂಟು ತಿಂಗಳು ಹೋಯಿತು.

ತಾತನ ಮಗಳು ನಾಲ್ಕಕ್ಕೆ ಐದು ನಿಮಿಷ ಇರುವಾಗಲೇ ಬಂದರು. ಬಸ್ ಓಡಿಸುವಾಕೆ, ಡ್ಯೂಟಿ ಬಟ್ಟೆಯಲ್ಲೇ ಬಂದಿದ್ದರು. ಮೇಡಂ ಪ್ರತಿಯನ್ನು ಕೈಗಿತ್ತು, ಸಹಿ ಮಾಡಿಸಿಕೊಂಡು ಒಳಗೆ ಹೋದರು. ನಾನು ಹಜಾರದಲ್ಲೇ ಉಳಿದೆ. ಆಗ ನನಗೆ ಅಳುವಿನ ಜೊತೆಗೇ ಒಳಗೊಳಗೆ ಸ್ವಲ್ಪ ಹೆಮ್ಮೆಯೂ ಇತ್ತು. ನಿಮ್ಮಪ್ಪನಿಗಾಗಿ ನಾನು ಏನು ಬಿಟ್ಟುಕೊಟ್ಟೆ ಗೊತ್ತೇ ಎಂದು ಹೇಳಬೇಕೆನಿಸುತ್ತಿತ್ತು.

ಅವರು ನಿಂತಲ್ಲೇ ಆ ಹಾಳೆ ತೆಗೆದು, ಒಂದೊಂದೇ ಸಾಲಿನ ಮೇಲೆ ಬೆರಳಾಡಿಸುತ್ತಾ ಓದಿದರು. ಕೊನೆಯಲ್ಲಿ ಬೆರಳು ನಿಂತಿತು.

"ಈ ಸಹಿ ನಿಮ್ದಾ? ಇದು ನರ್ಸ್ ಅಂತ ಅಲ್ವಾ?"

ಹೌದೆಂದೆ. ಹನ್ನೊಂದು ವರ್ಷ, ಹೊರದೇಶದ ಓದು, ರಾಜ್ಯ ಬದಲಾದದ್ದು, ಕೌನ್ಸಿಲ್, ಬಾರದ ಲೈಸೆನ್ಸ್, ಎಲ್ಲವನ್ನೂ ಹೇಳಿದೆ. ಅವರು ನಡುವೆ ಬಾಯಿ ಹಾಕದೆ ಪೂರ್ತಿ ಕೇಳಿದರು.

"ಅಂದ್ರೆ ಆ ಇಂಜೆಕ್ಷನ್ ಕೊಡೋಕೆ ನಿಮಗೆ ಬರ್ತಿತ್ತು."

"ಬರ್ತಿತ್ತು."

"ಎಷ್ಟು ದೂರ ಇತ್ತು ಅದು?"

"ಆರು ಹೆಜ್ಜೆ."

ನನ್ನ ಹೆಮ್ಮೆ ಎಲ್ಲಿ ಹೋಯಿತೋ ತಿಳಿಯಲಿಲ್ಲ. ಅವರು ಬೈಯಲಿಲ್ಲ, ಅಳಲೂ ಇಲ್ಲ. ಗೋಡೆಯ ಬದಿಯಿಂದ ಎರಡು ಕುರ್ಚಿ ಎಳೆದು ಎದುರುಬದುರಾಗಿ ಹಾಕಿದರು.

"ಕೂತ್ಕೊಳ್ಳಿ. ನಲವತ್ತು ನಿಮಿಷ ಬರೆದಿದ್ದೀರಲ್ಲ, ಒಂದೊಂದು ನಿಮಿಷನೂ ಹೇಳಿ. ಅಪ್ಪ ಏನು ಮಾಡ್ತಿದ್ರು, ನೀವು ಏನು ಮಾಡ್ತಿದ್ರಿ."

ನಾನು ಕೂತೆ. ಎರಡು ಹತ್ತರಿಂದ ಶುರು ಮಾಡಿದೆ.